ಜೇಬು ಬಲಕ್ಕಿದ್ದ ಅಂಗಿ

"ಜೇಬು ಬಲಗಡೆ ಇದೆ," ಎಂದಳು ತಂಗಿ.

ಕಿವಿಬಿಲ್ಲೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ತೋಳು ಚಾಚಿ ದೂರ ಹಿಡಿದೂ ನೋಡಿದರು. ತೆರೆಯ ಮೇಲೆ ಒಬ್ಬ ಗಂಡಸು ಮರದ ಗೇಟಿಗೆ ಒರಗಿ, ಹ್ಯಾಟನ್ನು ಕೈಯಲ್ಲಿ ಹಿಡಿದು, ಹಿಂದಿನ ಹಸಿರು ಹೊಲವೆಲ್ಲ ತನ್ನದೇ ಎನ್ನುವಂತೆ ನಗುತ್ತಿದ್ದ. ಹಲ್ಲುಗಳು ಕೂರಿಗೆಯಲ್ಲಿ ಬಿತ್ತಿದ ಜೋಳದಂತೆ ಸಾಲು ತಪ್ಪದೆ ನಿಂತಿದ್ದವು.

"ಎಡಚ ಇರಬೇಕು ಬಿಡು."

"ಎಡಚರೂ ಎಡಗಡೆ ಜೇಬೇ ಹೊಲಿಸ್ಕೊಳ್ಳೋದು ಅಣ್ಣ. ಗುಂಡಿಪಟ್ಟೀನೂ ನೋಡು. ಹೆಂಗಸರ ಅಂಗಿ ಥರ ಬಲಗಡೆ ಪಟ್ಟಿ ಮೇಲೆ ಬಂದಿದೆ. ಇದನ್ನ ಹೊಲಿದ ಟೈಲರ್ ನನ್ನ ಕೈಗೆ ಸಿಗಬೇಕು."

ಮಾತು ಹೊಲಿಗೆಯದಾಗಿ ಕಂಡರೂ ವಿಷಯ ತಂಗಿಯ ಮದುವೆಯದು. ವರನದೆಂದು ಅವಳ ಫೋನಿಗೆ ಬಂದ ಈ ಮುಖವೇ ದನಗಳ ಹಿಂಡಿ ಮಿಲ್ಲಿನ ಹೊಸ ಚೀಲದ ಮೇಲೆ ಕರುವನ್ನು ತಬ್ಬಿಕೊಂಡು ನಗುತ್ತಿರುವುದನ್ನು ಕಿವಿಬಿಲ್ಲೆ ನಿನ್ನೆ ಮಾರುಕಟ್ಟೆಯಲ್ಲಿ ಕಂಡಿದ್ದರು.

ಕಿವಿಬಿಲ್ಲೆ ಎಂಬುದು ಅವರಿಗೆ ಊರು ಇಟ್ಟ ಹೆಸರು. ನಿವೃತ್ತರಾಗುವವರೆಗೆ ಅವರು ದನಗಳ ವಿಮೆಯ ಕಂಪನಿಯಲ್ಲಿ ತನಿಖೆಗಾರರಾಗಿದ್ದರು. ಯಾರದೋ ಹಸು ಸತ್ತಿತೆಂದು ಸುದ್ದಿ ಬಂದರೆ ಹೋಗಿ, ಸತ್ತ ಹಸುವೂ ವಿಮೆ ಮಾಡಿಸಿದ ಹಸುವೂ ಒಂದೇನಾ ಎಂದು ಕಿವಿಗೆ ಹಾಕಿದ ಬಿಲ್ಲೆ ತಿರುಗಿಸಿ ನೋಡುವುದು ಕೆಲಸ. ಹಣೆಯ ಚುಕ್ಕೆಗೆ ಸುಣ್ಣ ಹಚ್ಚಿದವರನ್ನು, ಕೋಡಿಗೆ ಅರ ಹಾಕಿದವರನ್ನು, ಒಮ್ಮೆ ಸತ್ತೇ ಇಲ್ಲದ ಹಸುವಿನ ಮುಂದೆ ಕೂತು ಅಳುತ್ತಿದ್ದ ಇಡೀ ಮನೆಯವರನ್ನು ಅವರು ಹಿಡಿದಿದ್ದರು. ಈಗ ದನಗಳಿಲ್ಲ, ಮನುಷ್ಯರ ಪತ್ತೆ ಮಾಡುತ್ತಾರೆ. ಮನುಷ್ಯರ ಕಿವಿಯಲ್ಲಿ ಬಿಲ್ಲೆ ಇಲ್ಲದಿರುವುದು ದೊಡ್ಡ ತೊಡಕು ಎನ್ನುವುದು ಅವರ ದೂರು.

ಅವರು ಕೂತಿದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಕೋಣೆಯ ನಡುವೆ ಒಂದು ಪರದೆ. ಕಿಟಕಿಯ ಕಡೆ ತಂಗಿಯ ಹೊಲಿಗೆ ಯಂತ್ರ. ಒಳಗಡೆ ತಂಗಿಯ ಮಗಳ ಕಂಪ್ಯೂಟರು. ಮಗಳು ಚೀಲ, ಡಬ್ಬಿ, ಬೋರ್ಡುಗಳಿಗೆ ಚಿತ್ರ ಕೂಡಿಸಿ ವಿನ್ಯಾಸ ಮಾಡಿಕೊಡುತ್ತಾಳೆ. ಕೆಳಗೆ ಗಿರಣಿ ತಿರುಗಿದಾಗ ಇಬ್ಬರ ಮೇಜೂ ನಡುಗುತ್ತದೆ. ಸಂಜೆಯ ಹೊತ್ತಿಗೆ ಕೀಲಿಮಣೆಯ ಮೇಲೂ ಅರಿವೆಯ ಮೇಲೂ ಒಂದೇ ಹದದ ಹಿಟ್ಟು ಕೂತಿರುತ್ತದೆ.

ಪರದೆ ಸರಿಸಿ ಮಗಳು ತಲೆ ಹೊರಹಾಕಿದಳು. "ಮಾವ, ನಿನ್ನೆಯಿಂದ ಹೇಳ್ತಾನೇ ಇದೀನಿ. ಅವನು ರೈತ ಅಲ್ಲ. ಸ್ಟಾಕ್ ಫೋಟೋ."

"ಹಾಗಂದ್ರೆ ಮನುಷ್ಯನೇ ಅಲ್ವಾ?"

"ಮನುಷ್ಯನೇ. ಆದ್ರೆ ಸಿದ್ಧ ಉಡುಪು ಇರುತ್ತಲ್ಲ, ಹಾಗೆ ಸಿದ್ಧ ಫೋಟೋ. ಎಲ್ಲೋ ಯಾರೋ ತೆಗೆದು ಜಾಲತಾಣದಲ್ಲಿ ಮಾರೋಕೆ ಇಟ್ಟಿರ್ತಾರೆ. ನಮಗೆ ಬೇಕಾದ್ದನ್ನ ಹುಡುಕಿ ಕೊಂಡ್ಕೋಬೇಕು. ಬಾ ಇಲ್ಲಿ."

ಕಿವಿಬಿಲ್ಲೆ ಕುರ್ಚಿ ಎಳೆದುಕೊಂಡರು. ಮಗಳು 'ನಗುವ ರೈತ' ಎಂದು ಹುಡುಕಿದಳು. ತೆರೆಯ ತುಂಬ ರೈತರು ನೆರೆದರು. ಯಾರ ಬೂಟಿಗೂ ಮಣ್ಣು ತಾಕಿರಲಿಲ್ಲ. ಒಬ್ಬ ಗುದ್ದಲಿಯನ್ನು ಕೊಡೆ ಹಿಡಿದಂತೆ ಹಿಡಿದಿದ್ದ. ಒಬ್ಬಳು ಇಸ್ತ್ರಿ ಮಾಡಿದ ಲಂಗ ತೊಟ್ಟು, ಹಸುವಿನ ಮುಂಗಾಲಿನ ಹತ್ತಿರ ಬಕೆಟ್ ಇಟ್ಟು ಹಾಲಿಗೆ ಕಾಯುತ್ತಿದ್ದಳು.

"ಅಲ್ಲಿ ಕೂತ್ರೆ ಒದೆ ಸಿಗುತ್ತೆ, ಹಾಲಲ್ಲ," ಎಂದರು ಕಿವಿಬಿಲ್ಲೆ.

"ಎಲ್ಲರೂ ಹೀಗೇ ಮಾವ. ಇದ್ದುದರಲ್ಲಿ ಇವನು ವಾಸಿ. ಉಗುರಲ್ಲಿ ಸ್ವಲ್ಪ ಕೊಳೆ ಇದೆ, ಅದಕ್ಕೇ ಆರಿಸಿದೆ."

ಅವಳು ಗೇಟಿನ ಗಂಡಸಿನ ಮೇಲೆ ಒತ್ತಿದಳು. ಅವನದೇ ಬೇರೆ ಚಿತ್ರಗಳು ಬಂದವು. ಬಿಳಿ ಕೋಟು ತೊಟ್ಟು ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿಕೊಂಡಿದ್ದ. ಬ್ಯಾಂಕಿನ ಮೇಜಿನ ಹಿಂದೆ ಕೈ ಕಟ್ಟಿದ್ದ. ಹಾಸಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮುಖ ಕಿವುಚಿದ್ದ. ಮೊಮ್ಮಗಳ ಬೆನ್ನಿಗೆ ಕೈಯಿಟ್ಟು ಅವಳ ಸೈಕಲ್ಲಿನ ಹಿಂದೆ ಓಡುತ್ತಿದ್ದ.

ಕಿವಿಬಿಲ್ಲೆಯ ಹುಬ್ಬು ಮೇಲೇರಿತು. ಇಷ್ಟು ವರ್ಷ ಕಾದ ದೊಡ್ಡ ಮೊಕದ್ದಮೆ ಸಿಕ್ಕಿತೆಂಬ ಬೆಳಕು ಕಣ್ಣಿಗೆ ಬಂತು. "ಇವನೇ ಡಾಕ್ಟ್ರು, ಇವನೇ ರೋಗಿ?"

"ಹೂಂ."

"ಭಲೇ ಕಿಲಾಡಿ. ಎರಡೂ ಕಡೆ ಸಂಬಳ ತಗೊಳ್ತಾನೆ."

"ಅಯ್ಯೋ ಮಾವ, ಇವನಿಗೂ ಅಮ್ಮನಿಗೂ ಏನೂ ಸಂಬಂಧ ಇಲ್ಲ. ಇವನ ಮುಖ ಎತ್ಕೊಂಡು ಇಲ್ಲೇ ಯಾರೋ ಅಮ್ಮನ ಹತ್ರ ಮಾತಾಡ್ತಾ ಇದಾರೆ. ನೀನು ಹಿಡೀಬೇಕಾಗಿರೋದು ಆ ಪುಣ್ಯಾತ್ಮನ್ನ."

ಪರದೆಯ ಆಚೆ ಹೊಲಿಗೆ ಯಂತ್ರ ಒಂದು ಸಾಲು ಓಡಿ ನಿಂತಿತು.

"ಗೀಟಿನ ವಿಷಯಾನೂ ಒಂದಿದೆ ಅಣ್ಣ," ಎಂದಳು ತಂಗಿ, ಅಲ್ಲಿಂದಲೇ.

"ಯಾವ ಗೀಟು?"

"ಅವನ ಅಂಗಿ ಮೊದಲು ನೋಡಿದಾಗ ಚೌಕಳಿ ಬಟ್ಟೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಗೀಟು ಕಾಲರಿನ ಹೊಲಿಗೆ ಹತ್ರ ತಿರುಗ್ತಾನೇ ಇಲ್ಲ. ಸೀದಾ ಅಂಗಿಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಹೋಗಿದೆ. ಕಿವೀನೂ ಚೌಕಳಿ."

ಮಗಳು ಮಾವನ ಕೈಯಿಂದ ಅಮ್ಮನ ಫೋನನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಚಿತ್ರವನ್ನು ಹಿಗ್ಗಿಸಿದಳು. ಕಿವಿಯ ಮೇಲೆ, ಕೆನ್ನೆಯ ಮೇಲೆ, ಗೇಟಿನ ಮೇಲೆ ಮಸುಕಾದ ಅಡ್ಡಗೀಟುಗಳು.

"ಇದು ನಮ್ಮಿಂದಲೇ ಹೋಗಿದೆ ಮಾವ," ಎಂದಳು ಮೆಲ್ಲಗೆ.

"ಬಿಡಿಸಿ ಹೇಳು."

"ದುಡ್ಡು ಕೊಡೋಕೆ ಮುಂಚೆ ಮಾದರಿ ಅಂತ ಸಿಗುತ್ತೆ. ಕದ್ದು ಉಪಯೋಗಿಸದೆ ಇರ್ಲಿ ಅಂತ ಅದರ ಮೇಲೆ ಹೀಗೆ ಗೀಟು ಎಳೆದಿರ್ತಾರೆ. ಅದನ್ನ ಗಿರಾಕಿಗೆ ತೋರಿಸ್ತೀನಿ. ಒಪ್ಪಿದ್ರೆ ಮಾತ್ರ ಕೊಳ್ಳೋದು. ಈ ಗೇಟಿನ ಫೋಟೋನ ನಾನು ಕೊಂಡೇ ಇಲ್ಲ. ಬರೀ ಮಾದರಿ ತೋರಿಸಿದ್ದೆ."

"ಯಾರ್‍ಯಾರಿಗೆ?"

"ಕಣ್ಣಿನ ಡಾಕ್ಟ್ರಿಗೆ. ದೂರದ್ದೆಲ್ಲ ನಿಚ್ಚಳವಾಗಿ ಕಾಣ್ತಿರೋ ಮುಖ ಬೇಕು ಅಂದಿದ್ರು. ನಿವೇಶನ ಮಾರೋರಿಗೆ ತೋರಿಸ್ದೆ, ಗೇಟು ಚೆನ್ನಾಗಿದೆ ಮನುಷ್ಯನ್ನ ತೆಗೀರಿ ಅಂದ್ರು. ಹಿಂಡಿ ಮಿಲ್ಲಿನವರಿಗೂ ತೋರಿಸ್ದೆ, ಅವರು..." ಅವಳ ಮಾತು ಅಲ್ಲಿಯೇ ನಿಂತಿತು. "ಅಮ್ಮ, ಜೇಬು ಎಲ್ಲಿದೆ ಅಂದೆ?"

"ಬಲಕ್ಕೆ."

ಮಗಳು ತಾಣದ ಚಿತ್ರವನ್ನೂ ಫೋನಿನ ಚಿತ್ರವನ್ನೂ ಅಕ್ಕಪಕ್ಕ ಇಟ್ಟಳು. ತಾಣದವನ ಜೇಬು ಎಡಕ್ಕಿತ್ತು, ಗೇಟಿನ ಚಿಲಕ ಬಲಕ್ಕಿತ್ತು. ಫೋನಿನವನದು ಎಲ್ಲವೂ ತಿರುಗುಮುರುಗು. ಒಬ್ಬ ಮನುಷ್ಯ ಕನ್ನಡಿಯ ಎದುರು ನಿಂತಂತಿತ್ತು.

"ನಾನೇ ತಿರುಗಿಸಿದ್ದು," ಎಂದಳು. "ಮೊದಲು ಮಾಡಿದ ಚೀಲದ ಮಾದರೀಲಿ ಹಸು ಒಂದು ಕಡೆ, ಇವನು ಒಂದು ಕಡೆ. ಇವನು ಹಸು ಇಲ್ಲದ ಕಡೆ ನೋಡ್ತಿದ್ದ. ಹಸುಗೆ ಬೆನ್ನು ಹಾಕಿ ನಿಂತೋನ ಹಿಂಡಿ ಯಾರಮ್ಮ ಕೊಳ್ತಾರೆ ಅಂದ್ರು ಯಜಮಾನ್ರು. ಅದಕ್ಕೆ ತಿರುಗಿಸಿ ಕಳಿಸಿದೆ. ತಿರುಗಿಸಿದ್ದು ಮಿಲ್ಲಿಗೆ ಬಿಟ್ಟು ಬೇರೆ ಯಾರಿಗೂ ಹೋಗಿಲ್ಲ."

ಕಿವಿಬಿಲ್ಲೆ ಎದ್ದು ನಿಂತು ಅಂಗಿಯ ಹಿಟ್ಟು ಕೊಡವಿದರು. ಮಿಲ್ಲಿನ ಯಜಮಾನನ ಹೆಸರು ಕೇಳಿ ಅವರಿಗೆ ಎಲ್ಲೋ ಒಳಗೆ ತಂಪಾದಂತಿತ್ತು. ಇಬ್ಬರಿಗೂ ಹಳೆಯ ಎಮ್ಮೆಯೊಂದರ ವಿಷಯದಲ್ಲಿ ಆಗಿಬರುತ್ತಿರಲಿಲ್ಲ.

"ಕೂತ್ಕೋ ಅಣ್ಣ," ಎಂದಳು ತಂಗಿ. "ಹೋಗೋ ಮುಂಚೆ ಅಳತೆ ತಗೊಂಡು ಹೋಗು."

"ಯಾರ ಅಳತೆ?"

ತಂಗಿ ಕೈಯಲ್ಲಿದ್ದ ಸಮವಸ್ತ್ರದ ತೋಳನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. "ಅವರು ಮೊದಲ ಸಲ ಫೋನ್ ಮಾಡಿದ್ದೇ ಪ್ಯಾಂಟಿನ ವಿಷಯಕ್ಕೆ. ಸೊಂಟ ಬಿಗಿ ಆಗಿದೆ, ಸಡಿಲ ಮಾಡಬಹುದಾ ಅಂತ. ಅಳತೆ ಕೇಳಿದೆ, ಹೇಳಿದ್ರು. ಸೊಂಟ, ಉದ್ದ, ತೊಡೆ, ಎಲ್ಲ. ಆ ಪ್ಯಾಂಟನ್ನ ಈ ಫೋಟೋದವನಿಗೆ ಹಾಕಿದ್ರೆ ನಿಂತ ಹಾಗೇ ಉದುರಿಹೋಗುತ್ತೆ. ಉದ್ದ ಮಾತ್ರ ಮೊಣಕಾಲು ದಾಟಲ್ಲ."

ಮಗಳು ಅಮ್ಮನನ್ನೇ ನೋಡಿದಳು. "ಅಂದ್ರೆ ಫೋಟೋ ಸುಳ್ಳು ಅಂತ ನಿನಗೆ ಮೊದಲೇ ಗೊತ್ತಿತ್ತು?"

"ಬಂದ ದಿನಾನೇ."

"ಗೊತ್ತಿದ್ದೂ ಮಾತಾಡ್ತಾ ಕೂತಿದ್ದೆ?"

"ಮುಖ ಯಾರದಾದ್ರೂ ಆಗ್ಲಿ ಬಿಡೇ. ಅಳತೆ ನಿಜ. ಸೊಂಟದ ವಿಷಯದಲ್ಲಿ ಟೈಲರ್ ಹತ್ರ ಇಷ್ಟು ನಿಜ ಹೇಳಿದ ಗಂಡಸನ್ನ ನಾನು ನೋಡಿಲ್ಲ."

ಕೆಳಗೆ ಗಿರಣಿ ಹೊರಟಿತು. ಸೂಜಿಗಳ ಡಬ್ಬಿ ಮೇಜಿನ ಮೇಲೆ ತಾನಾಗಿ ಸರಿಯತೊಡಗಿತು. ತಂಗಿ ಅದನ್ನು ನೋಡದೆಯೇ ಒಂದು ಬೆರಳಿಟ್ಟು ತಡೆದಳು. ಗಂಡ ಹೋದ ಮೇಲೆ ಈ ಯಂತ್ರದ ಮುಂದೆ ಕೂತವಳು ಏಳದೆ ಮಗಳನ್ನು ಬೆಳೆಸಿದ್ದಳು. ಇಷ್ಟು ವರ್ಷದಲ್ಲಿ ಅಣ್ಣನನ್ನು ಏನೂ ಕೇಳಿದವಳಲ್ಲ.

"ನನಗೆ ಬೇಕಾಗಿರೋದು ಇಷ್ಟೇ ಅಣ್ಣ. ಆ ದನಿ ಹಿಂದೆ ಒಬ್ಬ ಮನುಷ್ಯ ಇದಾನಾ, ಇಲ್ಲ ಯಾರೋ ನಾಲ್ಕು ಜನ ಪೋಲಿಗಳು ಕೂತು ನನ್ನ ಆಡಿಸ್ತಾ ಇದಾರಾ. ಇದಾನೆ ಅಂದ್ರೆ ಮುಂದಿಂದು ನಾನು ನೋಡ್ಕೋತೀನಿ. ಇಲ್ಲ ಅಂದ್ರೆ ನಂಬರು ಅಳಿಸಿ ಸಮವಸ್ತ್ರ ಮುಗಿಸ್ತೀನಿ."

"ಏನು ಮಾತಾಡ್ತಾನೆ ಅವನು?"

"ಏನೇನೋ. ಕೂತಲ್ಲಿ ಕಂಡಿದ್ದು. ಗುಬ್ಬಿಗಳು ಬಂದು ಕೂರ್ತವಂತೆ, ಎಷ್ಟು ಕೂತ್ರೂ ಅಂಕಿ ಅಲ್ಲಾಡಲ್ವಂತೆ. ನಾನೂ ಹಾಗೇ, ಲೆಕ್ಕಕ್ಕೆ ಬರೋನಲ್ಲ ಅಂದ್ರು ಒಂದು ದಿನ."

"ಕವಿ," ಎಂದರು ಕಿವಿಬಿಲ್ಲೆ, ರೋಗದ ಹೆಸರು ಹೇಳುವಂತೆ. ಅಳತೆಯ ಅಂಕಿಗಳನ್ನು ಬರೆದುಕೊಂಡು, ತಂಗಿಯ ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ತೆಗೆದು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

*

ಹಿಂಡಿ ಮಿಲ್ಲಿನ ಅಂಗಳದಲ್ಲಿ ಹತ್ತಿಕಾಳಿನ ವಾಸನೆ ಮೊಣಕಾಲವರೆಗೆ ನಿಂತಿರುತ್ತದೆ. ಚೀಲಗಳ ಗೋಡೆಯೇ ಎದ್ದಿತ್ತು. ಪ್ರತಿ ಚೀಲದ ಮೇಲೂ ಅದೇ ಗಂಡಸು ಅದೇ ಕರುವನ್ನು ತಬ್ಬಿಕೊಂಡಿದ್ದ. ಅಷ್ಟೊಂದು ನಗುವಿನ ಮುಂದೆ ಹಾದುಹೋಗುವಾಗ ಕಿವಿಬಿಲ್ಲೆಗೆ ತಾವೇ ಏನೋ ತಪ್ಪು ಮಾಡಿದಂತೆನಿಸಿತು.

ಯಜಮಾನ ಕಚೇರಿಯಲ್ಲಿ ಕೂತಿದ್ದ. ಕೂತಿದ್ದ ಎನ್ನುವುದಕ್ಕಿಂತ ಕುರ್ಚಿಯನ್ನು ತೊಟ್ಟುಕೊಂಡಿದ್ದ ಎಂದರೆ ಸರಿ. ಕಿವಿಬಿಲ್ಲೆಯ ಕಣ್ಣು ಮೊದಲು ಅವನ ಸೊಂಟಕ್ಕೆ ಹೋಯಿತು.

"ಬನ್ನಿ ಸ್ವಾಮಿ. ಹಿಂಡಿ ಬೇಕಿತ್ತಾ? ನಿಮ್ಮನೇಲಿ ದನ ಇಲ್ವಲ್ಲ."

"ಚೀಲ ನೋಡೋಣ ಅಂತ ಬಂದೆ. ಚೆನ್ನಾಗಿದೆ."

"ಚೆನ್ನಾಗಿರದೆ ಏನು. ಆರಿಸೋಕೆ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ? ನಿಮ್ಮ ಸೋದರ ಸೊಸೆ ಮೊದಲು ಒಬ್ಬನ್ನ ತೋರಿಸಿದ್ಲು, ಹಲ್ಲು ಜಾಸ್ತಿ ಆಯ್ತು ಅಂದೆ. ಇನ್ನೊಬ್ಬ ಟೈ ಕಟ್ಟಿದ್ದ. ಆಮೇಲೆ ಇವನೇ ಗೇಟಿಗೆ ಒರಗಿರೋದು. ಗೇಟು ಬೇಡ ಅಂದೆ. ಗೇಟು ಅಂದ್ರೆ ಏನರ್ಥ? ಒಳಗೆ ಬರಬೇಡಿ ಅಂತ. ಕರು ತಬ್ಬಿದ್ದು ಬಂದ ಮೇಲೆ ಮನಸಿಗೆ ಸಮಾಧಾನ ಆಯ್ತು."

"ಆ ಗೇಟಿನ ಚಿತ್ರ ಈಗ ಯಾರ ಹತ್ರ ಇದೆ?"

"ಯಾಕೆ?"

"ಅದನ್ನ ತನ್ನ ಮುಖ ಅಂತ ಹೇಳ್ಕೊಂಡು ಒಬ್ಬ ಗಂಡಸು ಒಬ್ಬ ಮರ್ಯಾದಸ್ಥ ಹೆಂಗಸಿನ ಹತ್ರ ಮಾತಾಡ್ತಾ ಇದಾನೆ. ಚಿತ್ರ ಈ ಮಿಲ್ಲಿಂದ ಹೋಗಿದೆ. ನನ್ನ ಹತ್ರ ಆಧಾರ ಇದೆ."

ಯಜಮಾನ ಅವರನ್ನು ಮೇಲಿಂದ ಕೆಳಗೆ ನೋಡಿದ. "ಸ್ವಾಮಿ, ನಮ್ಮ ಎಮ್ಮೆ ಸತ್ತಾಗಲೂ ಹೀಗೇ ಬಂದು ನಿಂತ್ರಿ. ನನ್ನ ಹತ್ರ ಆಧಾರ ಇದೆ, ಇದು ನಿಮ್ಮ ಎಮ್ಮೆ ಅಲ್ಲ ಅಂದ್ರಿ."

"ಅಲ್ಲ ತಾನೆ?"

"ನಮ್ಮ ಕೊಟ್ಟಿಗೇಲಿ ಹುಟ್ಟಿ, ನಮ್ಮ ಕೊಟ್ಟಿಗೇಲಿ ಬೆಳೆದ ಎಮ್ಮೆ."

"ಹುಟ್ಟಿದ್ದು ಬೇರೆ ಎಮ್ಮೆ. ಸತ್ತಿದ್ದು ಬೇರೆ ಎಮ್ಮೆ. ಸತ್ತಿದ್ದಕ್ಕೆ ಬಾಲದಲ್ಲಿ ಬಿಳಿ ಇತ್ತು."

"ವಯಸ್ಸಾದ್ರೆ ಕೂದಲು ಬೆಳ್ಳಗಾಗಲ್ವಾ? ನಿಮ್ಮದು ಆಗಿಲ್ವಾ?"

ಕಿವಿಬಿಲ್ಲೆ ತಲೆ ಸವರಿಕೊಂಡರು. ಎಮ್ಮೆಯ ವಿಷಯದಲ್ಲಿ ಇದೊಂದು ಕೋನ ಅವರಿಗೆ ಹೊಳೆದಿರಲಿಲ್ಲ. ಆದರೆ ಬಂದ ಕೆಲಸ ಬೇರೆ.

"ನಿಮ್ಮ ಸೊಂಟ ಎಷ್ಟು?" ಎಂದು ಕೇಳಿದರು.

"ಏನು?"

"ಸೊಂಟದ ಸುತ್ತಳತೆ. ಎದ್ದು ನಿಂತ್ರೆ ನಾನೇ ನೋಡ್ಕೋತೀನಿ." ಅವರು ಜೇಬಿನಿಂದ ಟೇಪು ತೆಗೆದರು.

"ಎಮ್ಮೆ ಆಯ್ತು, ಈಗ ನಾನಾ?"

"ನಿರಪರಾಧಿ ಅಂತಾದ್ರೆ ಹೆದರಿಕೆ ಯಾಕೆ?"

ಈ ಮಾತಿಗೆ ಯಜಮಾನನಿಗೆ ಎಲ್ಲಿಲ್ಲದ ರೋಷ ಬಂತು. ಕುರ್ಚಿಯಿಂದ ತನ್ನನ್ನು ಬಿಡಿಸಿಕೊಂಡು ಎದ್ದು, ಎರಡೂ ಕೈ ಮೇಲಕ್ಕೆತ್ತಿ ನಿಂತ. ಕಿವಿಬಿಲ್ಲೆ ಟೇಪಿನ ಒಂದು ತುದಿಯನ್ನು ಅವನ ಹೊಟ್ಟೆಯ ಮೇಲೆ ಒತ್ತಿ ಹಿಡಿದು, ಹಲಸಿನ ಮರ ತಬ್ಬಿದವರಂತೆ ಬೆನ್ನಿನ ಸುತ್ತ ಕೈ ಬಳಸಿದರು. ಬಾಗಿಲಲ್ಲಿ ಬಿಲ್ಲಿಗೆ ರುಜು ಹಾಕಿಸಲು ಬಂದ ಲಾರಿ ಚಾಲಕ ನಿಂತ, ನೋಡಿದ, ಏನೂ ಕೇಳದೆ ಹಿಂದಕ್ಕೆ ಹೋದ.

ಟೇಪು ಮುಗಿಯಿತು. ಸೊಂಟ ಇನ್ನೂ ಉಳಿದಿತ್ತು.

ಕಿವಿಬಿಲ್ಲೆ ಟೇಪನ್ನು ಸುತ್ತಿಕೊಂಡರು. ಮುಖ ಸಪ್ಪಗಾಗಿತ್ತು. "ನೀವಲ್ಲ," ಎಂದರು.

"ಗೊತ್ತಾಯ್ತಲ್ಲ. ಎಮ್ಮೆ ವಿಷಯದಲ್ಲೂ ಹೀಗೇ ಒಪ್ಕೊಂಡಿದ್ರೆ ಎಷ್ಟು ಚೆನ್ನಾಗಿತ್ತು." ಗೆದ್ದವನ ಉದಾರತೆಯಲ್ಲಿ ಯಜಮಾನ ಮತ್ತೆ ಕುರ್ಚಿ ಸೇರಿದ. "ನೋಡಿ, ನನಗೆ ಕಂಪ್ಯೂಟರ್ ಹಾಕೋಕೂ ಬರಲ್ಲ, ಆರಿಸೋಕೂ ಬರಲ್ಲ. ನಿಮ್ಮ ಸೊಸೆ ಕಳಿಸಿದ್ದೆಲ್ಲ ತೂಕದ ಕೋಣೆಗೆ ಬರುತ್ತೆ. ಅಲ್ಲಿ ತೂಕದವನು ಕಾಗದಕ್ಕೆ ಇಳಿಸಿ ತಂದು ತೋರಿಸ್ತಾನೆ."

ಕಿವಿಬಿಲ್ಲೆ ಕಿಟಕಿಯಿಂದ ಹೊರಗೆ ನೋಡಿದರು. ಅಂಗಳದ ನಡುವೆ ಲಾರಿ ತೂಗುವ ಕಬ್ಬಿಣದ ಹಾಸು ನೆಲಕ್ಕೆ ಸಮನಾಗಿ ಮಲಗಿತ್ತು. ಲಾರಿ ಇರಲಿಲ್ಲ. ಉದುರಿದ ಕಾಳಿಗೆ ಗುಬ್ಬಿಗಳ ಹಿಂಡು ಇಳಿದಿತ್ತು. ಹಾಸಿನ ತುಂಬ ಕುಪ್ಪಳಿಸುತ್ತಿದ್ದವು. ಪಕ್ಕದ ಪುಟ್ಟ ಕೋಣೆಯ ಮೇಲೆ ಕೆಂಪು ಅಂಕಿಯ ಫಲಕ ಸೊನ್ನೆ ತೋರಿಸುತ್ತ ಮಿಸುಕದೆ ನಿಂತಿತ್ತು.

ಗುಬ್ಬಿ ಕೂತರೂ ಅಲ್ಲಾಡದ ಅಂಕಿಯ ಮಾತು ಅವರಿಗೆ ತಟ್ಟನೆ ನೆನಪಾಯಿತು. "ಅವನ ಸೊಂಟ?"

"ಈ ಸೊಂಟದ ಗೀಳು ಯಾಕೆ ಸ್ವಾಮಿ ನಿಮಗೆ? ಗುಂಡಗಿದಾನೆ, ಕುಳ್ಳಗಿದಾನೆ. ಒಂಟಿ ಜೀವ. ಕಣ್ಣೆತ್ತಿ ಮಾತಾಡಲ್ಲ. ದನಿ ಮಾತ್ರ ಕೇಳಬೇಕು. ಮೈಕಿನಲ್ಲಿ ತೂಕ ಕೂಗಿದ್ರೆ ಚಾಲಕರು ತಿಂಡಿ ಬಿಟ್ಟು ಕೇಳ್ತಾ ಕೂರ್ತಾರೆ."

ಕಿವಿಬಿಲ್ಲೆ ತಮ್ಮ ಫೋನು ತೆಗೆದು, ತಂಗಿ ಕೊಟ್ಟಿದ್ದ ವರನ ನಂಬರನ್ನು ಒತ್ತಿದರು. ಇದುವರೆಗೆ ಎಷ್ಟೋ ಸಲ ಒತ್ತಿದ್ದರು; ಯಾರೂ ಎತ್ತಿರಲಿಲ್ಲ.

ಈ ಸಲವೂ ಎತ್ತಲಿಲ್ಲ. ಆದರೆ ಅಂಗಳದಾಚೆ, ತೂಕದ ಕೋಣೆಯೊಳಗೆ, ಒಂದು ಫೋನು ಬಡಿದುಕೊಳ್ಳತೊಡಗಿತು. ಗುಬ್ಬಿಗಳೆಲ್ಲ ಒಮ್ಮೆಗೇ ಎದ್ದವು.

ಇಬ್ಬರೂ ಹೋಗಿ ನೋಡಿದರು. ಕೋಣೆ ಖಾಲಿ. ಚಹಾದ ಲೋಟಕ್ಕೆ ಕೆನೆ ಕಟ್ಟಿತ್ತು. ಕುರ್ಚಿ ಹಿಂದಕ್ಕೆ ಬಿದ್ದಿತ್ತು; ಯಾರೂ ಎತ್ತಿ ನಿಲ್ಲಿಸಿರಲಿಲ್ಲ. ಮೇಜಿನ ಮೇಲೆ ಒಡೆದ ಗಾಜಿನ ಹಳೆಯ ಫೋನು ತನ್ನಷ್ಟಕ್ಕೆ ಗಿರಗಿರ ತಿರುಗುತ್ತಿತ್ತು.

"ಇವನೆಲ್ಲಿ?"

"ಬೆಳಿಗ್ಗೆ ಫೋನ್ ನೋಡ್ತಾ ಕೂತಿದ್ದೋನು ಇದ್ದಕ್ಕಿದ್ದ ಹಾಗೆ ಎದ್ದು ಬಂದ. ಮೈ ಸರಿ ಇಲ್ಲ, ಮನೆಗೆ ಹೋಗ್ತೀನಿ ಅಂದ. ನನ್ನ ಮುಖ ನೋಡಿ ಮಾತಾಡೋಕೂ ಆಗ್ಲಿಲ್ಲ ಅವನಿಗೆ. ದೆವ್ವ ಕಂಡೋನ ಹಾಗಿದ್ದ. ಸೈಕಲ್ ಹತ್ತಿ ಹೊರಟೇ ಹೋದ."

ಕಿವಿಬಿಲ್ಲೆ ಫೋನಿಗೆ ಕೈ ಚಾಚಿದರು. ಯಜಮಾನನ ಕೈ ಮೊದಲು ತಲುಪಿತು.

"ನನ್ನ ಮಿಲ್ಲಲ್ಲಿ ಬಿದ್ದಿದ್ದು ನನ್ನ ಹತ್ರ ಇರ್ಲಿ ಸ್ವಾಮಿ. ಎಮ್ಮೆ ದುಡ್ಡಂತೂ ಬರ್ಲಿಲ್ಲ," ಎಂದು ಅದನ್ನು ಜೇಬಿಗಿಳಿಸಿದ.

*

ಮೆಟ್ಟಿಲು ಹತ್ತುವಾಗಲೇ ಕಿವಿಬಿಲ್ಲೆ ಹೇಳಲು ಶುರುಮಾಡಿದ್ದರು. ಮೇಲಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಉಸಿರು ಸಾಲದಾಗಿ ಒಂದೇ ಮಾತು ಉಳಿಯಿತು.

"ಇದಾನೆ."

ಯಂತ್ರ ನಿಂತಿತು. ತಂಗಿ ತಲೆ ಎತ್ತಲಿಲ್ಲ. ಬಟ್ಟೆಯ ಮೇಲಿದ್ದ ದಾರದ ಚೂರೊಂದನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಉಂಡೆ ಮಾಡಿದಳು.

"ಒಬ್ಬನೇನಾ?"

"ಒಬ್ಬನೇ. ಹಿಂಡಿ ಮಿಲ್ಲಿನ ತೂಕದವನು. ಪೋಲಿಗಳು ಯಾರೂ ಇಲ್ಲ. ಒಂಟಿ."

"ಕುಳ್ಳಗಾ?"

"ಹೂಂ."

"ಗುಂಡಗೆ?"

"ಅದರಲ್ಲೇನೂ ಮೋಸ ಇಲ್ಲ."

"ಹೇಳಿದ್ನಲ್ಲ," ಎಂದಳು ತಂಗಿ. ಎದ್ದು ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತಳು. ಅವಳ ಬೆನ್ನು ನಗುತ್ತಿದೆ ಎಂದು ಮಗಳಿಗೆ ಗೊತ್ತಾಯಿತು. ಅವಳು ಮಾವನಿಗೆ ಕಣ್ಣು ಹೊಡೆದು ಕುರ್ಚಿ ಸರಿಸಿಕೊಟ್ಟಳು.

"ತೂಕದವರು, ಅಳತೆಯವರು. ಜೋಡಿ ಚೆನ್ನಾಗಿದೆ ಅಮ್ಮ. ಅಂಗಡಿಗೆ ಬೋರ್ಡು ನಾನೇ ಮಾಡಿಕೊಡ್ತೀನಿ."

"ಬಾಯಿ ಮುಚ್ಚೇ."

"ಒಂದೇ ಒಂದು ಬಗೆಹರೀಲಿಲ್ಲ," ಎಂದರು ಕಿವಿಬಿಲ್ಲೆ, ನೀರು ಕುಡಿದು. "ಇವತ್ತು ಬೆಳಿಗ್ಗೆ ಫೋನಲ್ಲಿ ಏನೋ ನೋಡಿದಾನೆ. ದೆವ್ವ ಕಂಡೋನ ಹಾಗೆ ಎದ್ದು ಓಡಿದಾನಂತೆ. ಫೋನೂ ಬಿಟ್ಟು."

ತಂಗಿಯ ಬೆನ್ನಿನಿಂದ ನಗು ಹೋಯಿತು.

"ಬೆಳಿಗ್ಗೆನಾ?" ಎಂದಳು ಕಿಟಕಿಯ ಕಡೆಗೇ. "ಅವರು ಬಹಳ ದಿನದಿಂದ ನಿಮ್ಮದೊಂದು ಫೋಟೋ ಕಳಿಸಿ ಅಂತಿದ್ರು. ಬೆಳಿಗ್ಗೆ ಕಳಿಸಿದೆ. ಆಮೇಲಿಂದ ಮಾತೇ ಇಲ್ಲ. ಹಿಡಿಸಲಿಲ್ಲ ಅಂತ ಕಾಣುತ್ತೆ."

"ನಿನ್ನ ನೋಡಿ ಯಾರು ಅಮ್ಮ ಓಡ್ತಾರೆ?"

"ನನ್ನದು ಕಳಿಸಿದ್ರೆ ತಾನೆ." ಅವಳು ತಿರುಗಿದಳು. ಕೆನ್ನೆ ಕೆಂಪಾಗಿತ್ತು. "ನನ್ನವು ಇರೋದೆಲ್ಲ ಹಲ್ಲುನೋವು ಬಂದೋರ ಹಾಗೆ ಬಂದಿವೆ. ಅವರೂ ತಮ್ಮದಲ್ಲದ್ದು ಕಳಿಸಿದಾರಲ್ಲ ಅಂತ, ನಿನ್ನ ಕಂಪ್ಯೂಟರಲ್ಲಿ 'ಮುಖಗಳು' ಅಂತ ಇದೆಯಲ್ಲ, ಅದರಿಂದ ಒಂದು ತಗೊಂಡೆ. ಹೇಗೂ ಎಲ್ಲ ಸಿದ್ಧ ಫೋಟೋ ತಾನೆ? ನನ್ನ ವಯಸ್ಸಿನೋಳೇ. ಲಕ್ಷಣವಾಗಿದ್ಲು. ಹೊಸ ಕನ್ನಡಕ."

"ಕನ್ನಡಕ?" ಮಗಳ ದನಿ ಬದಲಾಯಿತು. "ತೋರಿಸು."

ತಂಗಿ ತೋರಿಸಿದಳು. ಕಿಟಕಿಯ ಬೆಳಕಿನಲ್ಲಿ ಕೂತ ಒಬ್ಬ ಹೆಂಗಸು, ಕನ್ನಡಕದ ಹಿಂದೆ ಕಣ್ಣು ಕಿರಿದು ಮಾಡಿ, ನಕ್ಕೂ ನಗದ ಹಾಗೆ ನೋಡುತ್ತಿದ್ದಳು. ಅದರ ಕೆಳಗೆ ತಂಗಿ ಬರೆದಿದ್ದಳು: 'ಇದು ನಾನು. ನೋಡಿ, ಮುಂದಿನದು ನಿಮಗೆ ಬಿಟ್ಟಿದ್ದು.'

ಮಗಳು ಕುರ್ಚಿಯ ಮೇಲೆ ನಿಧಾನವಾಗಿ ಕೂತಳು.

"ಅಮ್ಮ, ಇದು ಸಿದ್ಧ ಫೋಟೋ ಅಲ್ಲ. ಆ ಮುಖಗಳಲ್ಲಿ ಇದೊಂದೇ ನಾನು ತೆಗೆದಿದ್ದು. ಕಣ್ಣಿನ ಡಾಕ್ಟ್ರು ತಾಣದಲ್ಲಿರೋರು ಯಾರೂ ಬೇಡ, ನನ್ನ ಹತ್ರ ಆಪರೇಷನ್ ಮಾಡಿಸ್ಕೊಂಡವರೇ ಬೇಕು ಅಂತ ಇವರನ್ನ ಕಳಿಸಿದ್ರು. ನೀನು ಅವತ್ತು ಸಮವಸ್ತ್ರ ಕೊಡೋಕೆ ಶಾಲೆಗೆ ಹೋಗಿದ್ದೆ. ಇದೇ ಕಿಟಕಿ ಹತ್ರ ಕೂರಿಸಿ ತೆಗೆದೆ."

"ಯಾರು ಇವರು?" ಎಂದರು ಕಿವಿಬಿಲ್ಲೆ.

"ಊರೊಳಗೆ ಇರೋರಲ್ಲ ಮಾವ, ಆಚೆ ಹೊಲದ ಮನೇಲಿರ್ತಾರೆ. ಹಿಂಡಿ ಮಿಲ್ಲಿನ ಯಜಮಾನ್ರ ಹೆಂಡತಿ."

ತಾನು ಕದ್ದುಮುಚ್ಚಿ ಮಾತಾಡುತ್ತಿದ್ದ ಹೆಂಗಸು ಅನ್ನ ಕೊಡುವ ಯಜಮಾನನ ಹೆಂಡತಿ ಎಂದು, ಯಜಮಾನನ ಅಂಗಳದಲ್ಲಿಯೇ ಕೂತು ತಿಳಿದುಕೊಂಡ ಮನುಷ್ಯನ ಸ್ಥಿತಿಯನ್ನು ಮೂವರೂ ತಮ್ಮ ತಮ್ಮಲ್ಲೇ ಯೋಚಿಸಿದರು. ಕಿವಿಬಿಲ್ಲೆಗೆ ಬಿದ್ದ ಕುರ್ಚಿ ಕಣ್ಣಿಗೆ ಕಟ್ಟಿತು. ಆಮೇಲೆ, ಯಜಮಾನನ ಜೇಬಿಗಿಳಿದ ಫೋನು.

"ಅದಕ್ಕೆ ಬೀಗ ಇತ್ತಾ ಮಾವ?" ಎಂದು ಮಗಳು ಕೇಳುವುದಕ್ಕೂ ತಂಗಿಯ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

ಅವನದೇ ನಂಬರು. ತಂಗಿಯ ಕೈ ತಾನಾಗಿ ಕೂದಲಿಗೆ ಹೋಗಿ ಸರಿಮಾಡಿತು. ಕಿವಿಬಿಲ್ಲೆ ಸನ್ನೆ ಮಾಡಿದರು. ಅವಳು ಎಲ್ಲರಿಗೂ ಕೇಳುವಂತೆ ಒತ್ತಿ ಮೇಜಿನ ಮೇಲಿಟ್ಟಳು.

ಬಂದದ್ದು ಚಾಲಕರು ತಿಂಡಿ ಬಿಟ್ಟು ಕೇಳುವ ದನಿಯಲ್ಲ. ಏದುಸಿರಿನ, ಗಟ್ಟಿ, ಈಗ ಬಹಳ ತಗ್ಗಿದ ದನಿ.

"ನೀನೇನಾ?" ಎಂದಿತು. "ಫೋಟೋ ನೋಡಿದೆ. ಬರೆದಿದ್ದೂ ಓದಿದೆ. ಯಾವಾಗಿಂದ ಇದು?"

ಕಿವಿಬಿಲ್ಲೆ ಫೋನಿನ ಮೇಲೆ ಬಾಗಿದರು.

"ಮಾತಾಡು. ಇನ್ನೊಂದು ನಂಬರು ಯಾವಾಗ ತಗೊಂಡೆ? ನಾನೇನು ಕಡಿಮೆ ಮಾಡಿದ್ದೆ ನಿನಗೆ?"

ಮಗಳು ಫೋನಿನ ಕಡೆಗೆ ಕೈ ಚಾಚಿದಳು, ಕತ್ತರಿಸಲು. ತಂಗಿ ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟಳು.

"ನಾನು ನಿಮ್ಮ ಹೆಂಡತಿ ಅಲ್ಲ ಯಜಮಾನ್ರೇ," ಎಂದಳು. "ಗಿರಣಿ ಮೇಲಿನ ಟೈಲರು. ತೂಕದವರ ಹತ್ರ ಮಾತಾಡ್ತಿದ್ದೋಳು ನಾನು. ಆ ಫೋಟೋ ನಿಮ್ಮ ಮನೆಯವರದು ಅಂತ ನನಗೂ ಈಗಲೇ ಗೊತ್ತಾಗಿದ್ದು. ಅವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ತೂಕದವರದೂ ತಪ್ಪಿಲ್ಲ. ಅವರನ್ನ ಕೆಲಸದಿಂದ ತೆಗೀಬೇಡಿ."

ಆ ಕಡೆ, ಎಲ್ಲೋ ಹಿಂದೆ ಲಾರಿಯೊಂದು ಹಾರನ್ ಹೊಡೆಯಿತು. ತೂಕ ಹೇಳುವವರಿಲ್ಲದೆ ಕಾಯುತ್ತಿರಬೇಕು.

"ಸಂಬಂಧ ಇಲ್ಲ ಅಂತೀರಿ," ಎಂದ ಯಜಮಾನ ಕೊನೆಗೆ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದೇನೋ ಇತ್ತು. "ಈಗ ತಾನೆ ಹೊಲದ ಮನೆಗೆ ಫೋನ್ ಮಾಡಿದ್ದೆ. ಆಳು ಎತ್ತಿದ. ಬೆಳಿಗ್ಗೆ ತೂಕದವನು ಸೈಕಲ್ ತುಳ್ಕೊಂಡು ನೇರ ಅಲ್ಲಿಗೇ ಹೋಗಿದಾನೆ. ಅಮ್ಮಾವ್ರನ್ನ ಹೊರಗೆ ಕರೆದು ಏನೋ ಹೇಳಿದನಂತೆ. ಅವಳು ಮೊದಲು ನಕ್ಕಳಂತೆ. ಆಮೇಲೆ ಒಳಗೆ ಹೋಗಿ ಚೀಲ ತಗೊಂಡು ಬಂದಳಂತೆ. ಸೈಕಲ್ ಇನ್ನೂ ಬಾಗಿಲಲ್ಲೇ ನಿಂತಿದೆ. ಇಬ್ಬರೂ ಇಲ್ಲ."

ಕರೆ ಕಡಿದುಹೋಯಿತು.

ಕಿವಿಬಿಲ್ಲೆಯ ಇಷ್ಟು ವರ್ಷದ ಅನುಭವದಲ್ಲಿ ಎರಡು ದನಗಳು ಒಟ್ಟಿಗೆ ಕಾಣೆಯಾದ ಪ್ರಕರಣಗಳಿದ್ದವು. ಯಾವುದೂ ಈ ಹೊತ್ತಿಗೆ ಹೇಳುವಂಥದ್ದಲ್ಲ.

ತಂಗಿ ಯಂತ್ರದ ದೀಪ ಆರಿಸಿದಳು. ಸಮವಸ್ತ್ರದ ರಾಶಿಯ ಮೇಲೆ ಹಿಟ್ಟು ಕೂರದಂತೆ ಹೊದಿಕೆ ಎಳೆದಳು.

"ಏಳು ಅಣ್ಣ," ಎಂದಳು. "ಅವರನ್ನ ಹುಡುಕಬೇಕು. ಚಪ್ಪಲಿ ಹಾಕ್ಕೋ."